54 ವಯಸ್ಸು, 18 ಹ್ಯಾಂಡಿಕ್ಯಾಪ್, ಬಲಕ್ಕೆ ಓಡುವ ಚೆಂಡು: ಯಾವ ಡ್ರೈವರ್ ತಗೊಳ್ಳಲಿ?

ಕಾರಂಜಿಕೆರೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಗಾಲ್ಫ್‌ಗೆ ಹೊಸ ಡ್ರೈವರ್, ಅಂದರೆ ಮೊದಲ ಹೊಡೆತಕ್ಕೆ ಬಳಸುವ ಉದ್ದದ ಕೋಲು, ತಗೊಳ್ಳಬೇಕು ಅಂತಿದ್ದೇನೆ. ಅಂಗಡಿಯಲ್ಲಿ ಕೇಳಿದ್ದು, ಯೂಟ್ಯೂಬ್‌ನಲ್ಲಿ ನೋಡಿದ್ದು ಎಲ್ಲ ಸೇರಿ ಗೊಂದಲ ಜಾಸ್ತಿಯಾಗಿದೆ. ಗೊತ್ತಿರುವವರು ದಾರಿ ತೋರಿಸಿ.

ಬಲಗೈ ಆಟ. ವಯಸ್ಸು 54. ಹ್ಯಾಂಡಿಕ್ಯಾಪ್ 18, ಅಂದರೆ ಒಂದು ಸುತ್ತಿಗೆ ಗೊತ್ತುಮಾಡಿದ ಹೊಡೆತಗಳಿಗಿಂತ ಸುಮಾರು 18 ಜಾಸ್ತಿ. ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್‌ನಲ್ಲಿ ಬೆಳಗ್ಗೆ ಹೊತ್ತು ಆಡುತ್ತೇನೆ. ಈಗಿರುವ ಡ್ರೈವರ್ 2010ರಲ್ಲಿ ಕೊಂಡದ್ದು: 460 ಸಿಸಿ ಹೆಡ್ (ಕೋಲಿನ ತಲೆ), 9.5 ಡಿಗ್ರಿ ಲಾಫ್ಟ್ (ತಲೆಯ ಮುಖದ ಓರೆ), ಸ್ಟಿಫ್ ಶಾಫ್ಟ್ (ಕಮ್ಮಿ ಬಾಗುವ ಗಟ್ಟಿ ದಂಡ), ಉದ್ದ 45.75 ಇಂಚು. ಲಾಫ್ಟ್ ಬದಲಿಸುವ ಸ್ಕ್ರೂ ಏನೂ ಇಲ್ಲ. ಚೆಂಡು ಸ್ವಲ್ಪ ಎಡಕ್ಕೆ ಹೊರಡುತ್ತದೆ, ಆಮೇಲೆ ಬಲಕ್ಕೆ ತಿರುಗಿ ರಫ್‌ಗೆ (ಬದಿಯ ಎತ್ತರದ ಹುಲ್ಲಿಗೆ) ಬೀಳುತ್ತದೆ. ಐರನ್‌ಗಳು (ಗಿಡ್ಡ ಲೋಹದ ಕೋಲುಗಳು) ಪರವಾಗಿಲ್ಲ, ನೇರವಾಗಿಯೇ ಹೋಗುತ್ತವೆ.

ಬೆಂಗಳೂರಿಗೆ ಹೋದಾಗ ಒಂದು ಸಿಮ್ಯುಲೇಟರ್‌ನಲ್ಲಿ ನನ್ನ ಡ್ರೈವರ್‌ನಿಂದಲೇ ಹೊಡೆದು ನೋಡಿದೆ. ಸರಾಸರಿ ಹೀಗಿತ್ತು: ಕ್ಲಬ್ (ಕೋಲಿನ) ವೇಗ ಗಂಟೆಗೆ 88 ಮೈಲಿ, ಬಾಲ್ ವೇಗ 123, ಲಾಂಚ್ (ಚೆಂಡು ಮೇಲೇಳುವ ಕೋನ) 9 ಡಿಗ್ರಿ, ಸ್ಪಿನ್ (ಚೆಂಡು ನಿಮಿಷಕ್ಕೆ ತಿರುಗುವ ಸುತ್ತು) 3,700, ಕ್ಯಾರಿ (ನೆಲಕ್ಕೆ ಬೀಳುವವರೆಗಿನ ದೂರ) 185 ಯಾರ್ಡ್. ಅಲ್ಲಿದ್ದ ಹುಡುಗ ಹೊಸದೊಂದು ಕೊಟ್ಟ. ಅದರಲ್ಲಿ ಒಂದು ಹೊಡೆತ 215 ಹೋಯಿತು. ಬೆಲೆ ನನ್ನ ಬಜೆಟ್ಟಿಗಿಂತ ತುಂಬಾ ಮೇಲೆ. ನಾನು ಇಟ್ಟುಕೊಂಡಿರುವುದು 40 ಸಾವಿರ.

ನನ್ನ ಪ್ರಶ್ನೆ: ಈ "10ಕೆ" ಅನ್ನುವ ಡ್ರೈವರ್‌ಗಳಿಂದ ನನ್ನಂಥವರಿಗೆ ನಿಜವಾಗಿ ಉಪಯೋಗ ಇದೆಯಾ? ಸ್ಟಿಫ್ ಶಾಫ್ಟಲ್ಲೇ ಇರಲಾ, ರೆಗ್ಯುಲರ್‌ಗೆ ಹೋಗಲಾ? ಎರಡು ಮೂರು ವರ್ಷ ಹಿಂದಿನ ಮಾಡೆಲ್ ತಗೊಂಡರೆ ನಷ್ಟವಾ?

ಶಾಫ್ಟ್‌ಮನೆ, ಬೆಂಗಳೂರು

ಸರ್, ನೀವು ಇಷ್ಟು ವಿವರ ಬರೆದಿದ್ದು ಒಳ್ಳೆಯದಾಯಿತು. "ಬೆಸ್ಟ್ ಡ್ರೈವರ್ ಯಾವುದು" ಅಂತ ಒಂದೇ ಸಾಲು ಬರೆಯುವವರೇ ಹೆಚ್ಚು. ಅದಕ್ಕೆ ಉತ್ತರ ಕೊಡುವುದು ಕಷ್ಟ.

ನಾನು ಹುಡುಗನಾಗಿದ್ದಾಗ ಬೆಂಗಳೂರಿನಲ್ಲಿ ಕ್ಯಾಡಿ ಕೆಲಸ ಮಾಡುತ್ತಿದ್ದೆ. ಆಮೇಲೆ ಕ್ಲಬ್ ರಿಪೇರಿ ಕಲಿತೆ. ಈಗ ಅದೇ ನನ್ನ ಕಸುಬು. ಗ್ರಿಪ್ ಹಾಕುವುದು, ಶಾಫ್ಟ್ ಬದಲಿಸುವುದು, ಉದ್ದ ಕಮ್ಮಿ ಮಾಡುವುದು. ಮೊದಮೊದಲು ನನ್ನ ಕೈಗೆ ಬರುತ್ತಿದ್ದದ್ದು ಪರ್ಸಿಮನ್ ಮರದ ಹೆಡ್‌ಗಳು. ಕುತ್ತಿಗೆಯ ಹತ್ತಿರ ಸುತ್ತಿದ ದಾರ ಬಿಚ್ಚಿಹೋಗಿರುತ್ತಿತ್ತು, ಅದನ್ನು ಮತ್ತೆ ಸುತ್ತಿ ಅಂಟು ಹಚ್ಚುತ್ತಿದ್ದೆವು. ಆ ಡ್ರೈವರ್‌ಗಳ ಉದ್ದ 43 ಇಂಚಿನ ಆಸುಪಾಸು, ಶಾಫ್ಟ್ ಉಕ್ಕಿನದು. 1991ರಲ್ಲಿ ಕ್ಯಾಲವೇಯ ಬಿಗ್ ಬರ್ತಾ ಬಂದಾಗ ಅದರ 190 ಸಿಸಿ ಹೆಡ್ ನೋಡಿ ಎಲ್ಲರೂ ಬೆರಗಾಗಿದ್ದರು. ಈಗ ಅದರ ಎರಡೂವರೆ ಪಟ್ಟು ಹತ್ತಿರ ಹತ್ತಿರ ಬಂದಿದ್ದೇವೆ. 2004ರಿಂದ 460 ಸಿಸಿ ಮೀರಬಾರದು ಅಂತ ನಿಯಮವೇ ಇದೆ. ಹೆಡ್ ದೊಡ್ಡದಾದ ಹಾಗೆ ಶಾಫ್ಟನ್ನೂ ಉದ್ದ ಮಾಡುತ್ತಾ ಬಂದರು. ನನ್ನ ತಕರಾರು ಇರುವುದು ಈ ಉದ್ದದ ಬಗ್ಗೆಯೇ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನಿಮ್ಮ ಅಂಕಿಗಳನ್ನೇ ನೋಡೋಣ. ಬಾಲ್ ವೇಗವನ್ನು ಕ್ಲಬ್ ವೇಗದಿಂದ ಭಾಗಿಸಿ. 123 ಭಾಗ 88 ಅಂದರೆ 1.40. ಡ್ರೈವರ್‌ನಲ್ಲಿ ಫೇಸ್‌ನ (ಚೆಂಡಿಗೆ ತಗುಲುವ ಮುಖದ) ನಡುವೆ ಸರಿಯಾಗಿ ಕೂತರೆ ಇದು 1.48, 1.50ರವರೆಗೆ ಬರುತ್ತದೆ. ನಿಮ್ಮ ತೋಳಿನಲ್ಲಿ ಶಕ್ತಿ ಇದೆ ಸರ್. ಅದು ಚೆಂಡಿಗೆ ಪೂರ್ತಿ ತಲುಪುತ್ತಿಲ್ಲ. ನಿಮ್ಮ 88 ಮೈಲಿಯಲ್ಲೇ ಬಾಲ್ ವೇಗ 130 ಆಗಬಹುದು. ಬಾಲ್ ವೇಗ ಒಂದು ಮೈಲಿ ಏರಿದರೆ ಸುಮಾರು 2 ಯಾರ್ಡ್ ಸಿಗುತ್ತದೆ ಅಂತ ಲೆಕ್ಕ. ಜೊತೆಗೆ ಲಾಂಚ್ 13-14 ಡಿಗ್ರಿಗೆ ಏರಿ, ಸ್ಪಿನ್ 2,700ರ ಹತ್ತಿರ ಇಳಿದರೆ ಕ್ಯಾರಿ 200 ದಾಟುವುದು ಕಷ್ಟವಲ್ಲ. ಆ 215ರ ಹೊಡೆತವನ್ನು ಮರೆತುಬಿಡಿ. ಒಂದು ಒಳ್ಳೆಯ ಹೊಡೆತ ಯಾವ ಡ್ರೈವರ್‌ನಲ್ಲಾದರೂ ಬರುತ್ತದೆ. ಹತ್ತು ಹೊಡೆದರೆ ಅದರಲ್ಲಿ ಕೆಟ್ಟ ನಾಲ್ಕು ಎಲ್ಲಿ ಬಿದ್ದವು ಅನ್ನುವುದನ್ನು ನೋಡಿ ಡ್ರೈವರ್ ಆರಿಸಬೇಕು.

ಈಗ ಒಂದು ಕೆಲಸ ಮಾಡಿ. ದುಡ್ಡು ಖರ್ಚು ಮಾಡುವ ಮುಂಚೆ ವೈಟ್‌ಬೋರ್ಡ್‌ಗೆ ಬಳಸುವ ಮಾರ್ಕರ್ ತಗೊಂಡು ಚೆಂಡಿನ ಮೇಲೆ ದೊಡ್ಡದಾಗಿ ಒಂದು ಚುಕ್ಕಿ ಇಡಿ. ಆ ಚುಕ್ಕಿ ಫೇಸ್ ಕಡೆ ಬರುವ ಹಾಗೆ ಟೀ (ಚೆಂಡಿಡುವ ಪುಟ್ಟ ಗೂಟ) ಮೇಲಿಟ್ಟು ಹೊಡೆಯಿರಿ. ಫೇಸ್ ಮೇಲೆ ಗುರುತು ಬೀಳುತ್ತದೆ. ಫೋಟೋ ತೆಗೆದುಕೊಳ್ಳಿ, ಒರೆಸಿ, ಮತ್ತೆ ಹೊಡೆಯಿರಿ. ಈ ಗುರುತು ನೋಡದೆ ಡ್ರೈವರ್ ಕೊಳ್ಳಬೇಡಿ, ದಯವಿಟ್ಟು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಡ್ರೈವರ್‌ನ ಫೇಸ್ ಚಪ್ಪಟೆ ಅಲ್ಲ, ಸ್ವಲ್ಪ ಉಬ್ಬಿದೆ. ಹೆಡ್‌ನ ಭಾರ ಫೇಸ್‌ನಿಂದ ಹಿಂದೆ ಇದೆ. ಹಾಗಾಗಿ ಚೆಂಡು ಶಾಫ್ಟ್ ಕಡೆಗೆ, ಅಂದರೆ ಹೀಲ್‌ಗೆ ತಗುಲಿದರೆ ಹೆಡ್ ಒಂದು ಕಡೆ ತಿರುಗುತ್ತದೆ, ಚೆಂಡು ಅದಕ್ಕೆ ಎದುರಾಗಿ ತಿರುಗುತ್ತದೆ. ಬಲಗೈ ಆಟಗಾರನಿಗೆ ಹೀಲ್ ಹೊಡೆತ ಎಡಕ್ಕೆ ಹೊರಟು ಬಲಕ್ಕೆ ಬಾಗುತ್ತದೆ. ಟೋ, ಅಂದರೆ ಹೆಡ್‌ನ ಆಚೆ ತುದಿಯ ಕಡೆ ತಗುಲಿದರೆ ಇದರ ತದ್ವಿರುದ್ಧ. ಫೇಸ್‌ನ ಕೆಳಭಾಗಕ್ಕೆ ತಗುಲಿದರೆ ಸ್ಪಿನ್ ಏರುತ್ತದೆ, ಮೇಲ್ಭಾಗಕ್ಕೆ ತಗುಲಿದರೆ ಇಳಿಯುತ್ತದೆ. ಈಗ ನೀವು ಬರೆದಿದ್ದನ್ನು ಮತ್ತೆ ಓದಿ: "ಎಡಕ್ಕೆ ಹೊರಡುತ್ತದೆ, ಆಮೇಲೆ ಬಲಕ್ಕೆ ತಿರುಗುತ್ತದೆ", ಸ್ಪಿನ್ 3,700, ಐರನ್ ಮಾತ್ರ ನೇರ. ನನಗೆ ಹೀಲ್, ಅದೂ ಕೆಳಗಿನ ಹೀಲ್ ಅನ್ನುವ ಗುಮಾನಿ. ಮಾರ್ಕರ್ ಹೇಳಲಿ, ಆಮೇಲೆ ಮಾತಾಡೋಣ.

10ಕೆ ವಿಷಯ. ಹೆಡ್ ಎಷ್ಟು ಸುಲಭವಾಗಿ ತಿರುಚಿಕೊಳ್ಳುತ್ತದೆ ಅನ್ನುವುದಕ್ಕೆ ಎಂಒಐ ಅಂತ ಒಂದು ಅಳತೆ ಇದೆ. ಅಂಕಿ ದೊಡ್ಡದಾದಷ್ಟೂ ಹೆಡ್ ಕಮ್ಮಿ ತಿರುಗುತ್ತದೆ. ಹೀಲ್-ಟೋ ದಿಕ್ಕಿನಲ್ಲಿ ಇದು 5,900 ದಾಟಬಾರದು ಅಂತ ನಿಯಮ, ಅಳತೆಯ ವ್ಯತ್ಯಾಸಕ್ಕೆ ಇನ್ನೊಂದು 100 ಬಿಟ್ಟಿದ್ದಾರೆ. ಮೇಲೆ-ಕೆಳಗಿನ ದಿಕ್ಕಿಗೆ ಅಂಥ ಮಿತಿ ಇಲ್ಲ. ಎರಡನ್ನೂ ಕೂಡಿಸಿದಾಗ 10,000 ದಾಟಿತು ಅಂತ 2024ರಲ್ಲಿ ಪಿಂಗ್ ಜಿ430 ಮ್ಯಾಕ್ಸ್ 10ಕೆ, ಟೇಲರ್‌ಮೇಡ್ ಕ್ಯೂಐ10 ಮ್ಯಾಕ್ಸ್ ಬಂದವು. ಒಳ್ಳೆಯ ಹೆಡ್‌ಗಳೇ, ಸುಳ್ಳಲ್ಲ. ನಡುವಿನಿಂದ ಅರ್ಧ ಇಂಚು ಆಚೀಚೆ ತಗುಲಿದರೂ ಬಾಲ್ ವೇಗ ಅಷ್ಟಾಗಿ ಬೀಳುವುದಿಲ್ಲ. ಆದರೆ ನೀವು ಯಾವಾಗಲೂ ಒಂದೇ ಕಡೆ, ಹೀಲ್‌ನಲ್ಲೇ ಹೊಡೆಯುತ್ತಿದ್ದರೆ ಕ್ಷಮಿಸುವ ಹೆಡ್‌ಗಿಂತ ನಿಮ್ಮ ಅಳತೆಯ ಕ್ಲಬ್ ಮುಖ್ಯ. ಪಕ್ಕದ ಮನೆಯವರ ಅಳತೆಗೆ ಹೊಲಿಸಿದ ಅಂಗಿ ಎಷ್ಟು ಒಳ್ಳೆಯ ಬಟ್ಟೆಯದಾದರೇನು?

ಲಾಫ್ಟ್: 88 ಮೈಲಿಗೆ 9.5 ಕಮ್ಮಿ. 10.5ಕ್ಕಿಂತ ಕೆಳಗೆ ಹೋಗಲೇಬೇಡಿ. 12 ಕೂಡ ಹೊಡೆದು ನೋಡಿ. "12 ಹೆಂಗಸರ ಲಾಫ್ಟ್" ಅನ್ನುವ ಮಾತು ನಮ್ಮ ಕ್ಲಬ್‌ಗಳಲ್ಲಿ ಈಗಲೂ ಕೇಳುತ್ತದೆ. ಅದನ್ನು ನಂಬಿ ಎಷ್ಟೋ ಜನ ವರ್ಷಗಟ್ಟಲೆ ಚೆಂಡನ್ನು ನೆಲಕ್ಕೆ ಉರುಳಿಸಿದ್ದಾರೆ. ನನಗೆ ಆ ಮಾತು ಕೇಳಿದರೆ ಬೇಜಾರಾಗುತ್ತದೆ.

ಸ್ಟಿಫ್ (ಎಸ್), ರೆಗ್ಯುಲರ್ (ಆರ್) ವಿಷಯಕ್ಕೆ ಬಂದರೆ, ಈ ಅಕ್ಷರಗಳಿಗೆ ಎಲ್ಲ ಕಂಪನಿಗೂ ಸೇರಿ ಒಂದು ಅಳತೆ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್‌ಗಿಂತ ಗಟ್ಟಿ ಇರಬಹುದು. ನಿಮ್ಮ ವೇಗಕ್ಕೆ ರೆಗ್ಯುಲರ್, 50ರಿಂದ 55 ಗ್ರಾಂ ತೂಕದ ಶಾಫ್ಟ್‌ನಿಂದ ಶುರು ಮಾಡಿ.

ಇನ್ನು ಉದ್ದ. ಅಂಗಡಿಯಲ್ಲಿ ಸಿಗುವುದು 45.5, 45.75 ಇಂಚು. ಟೂರ್‌ನಲ್ಲಿ ಆಡುವ ಎಷ್ಟೋ ಜನ ಅದಕ್ಕಿಂತ ಗಿಡ್ಡ ಡ್ರೈವರ್ ಇಟ್ಟುಕೊಳ್ಳುತ್ತಾರೆ. ದಿನವಿಡೀ ಅಭ್ಯಾಸ ಮಾಡುವವರಿಗೇ ಅಷ್ಟು ಉದ್ದ ಬೇಡವಾದರೆ ಬೆಳಗ್ಗೆ ಆಡಿ ಆಫೀಸಿಗೆ ಓಡುವವರಿಗೆ ಯಾಕೆ? ಶಾಫ್ಟ್ ಉದ್ದ ಆದಷ್ಟೂ ನಡುವಿಗೆ ಹೊಡೆಯುವುದು ಕಷ್ಟ. ನನ್ನ ಬೆಂಚಿಗೆ ಬರುವ ಡ್ರೈವರ್‌ಗಳ ಫೇಸ್ ಮೇಲಿನ ಸವೆತ ನೋಡಿದರೇ ಇದು ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ 44.5, ಹೆಚ್ಚೆಂದರೆ 45.

ಕಾಫಿ_ಹೂ, ವಿರಾಜಪೇಟೆ

ಶಾಫ್ಟ್‌ಮನೆ ಅಣ್ಣ ಹೇಳಿದ್ದರಲ್ಲಿ ಒಂದಕ್ಕೆ ನನ್ನ ತಕರಾರಿದೆ. ಕಾರಂಜಿಕೆರೆ ಅವರೇ, ಉದ್ದ ಕಮ್ಮಿ ಮಾಡಬೇಕು ಅಂತ ತಕ್ಷಣ ಶಾಫ್ಟ್ ಕತ್ತರಿಸಬೇಡಿ. ಮೊದಲು ಈಗಿನ ಡ್ರೈವರನ್ನೇ ಒಂದು ಇಂಚು ಕೆಳಗೆ ಹಿಡಿದು ಒಂದು ವಾರ ಆಡಿ. ಗ್ರಿಪ್ ಮೇಲೆ ಟೇಪ್‌ನಿಂದ ಗುರುತು ಮಾಡಿಕೊಳ್ಳಿ, ಕೈ ಮೇಲಕ್ಕೆ ಜಾರುವುದಿಲ್ಲ. ಕತ್ತರಿಸಿದ್ದನ್ನು ಮತ್ತೆ ಮೊದಲಿನಂತೆ ಮಾಡುವುದು ತಾಪತ್ರಯ.

ಇನ್ನೊಂದು ವಿಷಯ ತೂಕದ್ದು. ಶಾಫ್ಟ್ ಹಗುರ ಆದಷ್ಟೂ ವೇಗ ಬರುತ್ತದೆ ಅಂತ ನನಗೆ 40 ಗ್ರಾಂನದು ಕೊಟ್ಟಿದ್ದರು. ನನಗೆ ಹೆಡ್ ಎಲ್ಲಿದೆ ಅಂತಲೇ ತಿಳಿಯುತ್ತಿರಲಿಲ್ಲ. 50ಕ್ಕೆ ಬಂದ ಮೇಲೆ ಲಯ ಸಿಕ್ಕಿತು. ನಾನು ಆಡುವುದು ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್‌ನಲ್ಲಿ. ಅಲ್ಲಿ ಏರಿಳಿತ ಜಾಸ್ತಿ. ಮಳೆಗಾಲದಲ್ಲಿ ನೆಲ ಒದ್ದೆ, ಚೆಂಡು ಉರುಳುವುದೇ ಇಲ್ಲ. ಹಾಗಾಗಿ ನನಗೆ ಕ್ಯಾರಿ ಮುಖ್ಯ, ಅದಕ್ಕೆ 12 ಡಿಗ್ರಿಯ ಡ್ರೈವರ್ ಇಟ್ಟಿದ್ದೇನೆ. ಹೌದು, ನಾನು ಹೆಂಗಸು. ನನ್ನ ಜೊತೆ ಆಡುವ ಗಂಡಸರಲ್ಲಿ ಇಬ್ಬರು ಈಗ ಅದೇ ಲಾಫ್ಟ್‌ಗೆ ಬಂದಿದ್ದಾರೆ, ಖುಷಿಯಾಗಿದ್ದಾರೆ.

ದೂರದ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಆಗಸ್ಟ್ 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವಳಾದಳು. ಒಂದೇ ಹೊಡೆತದಲ್ಲಿ ಪದಕ ತಪ್ಪಿತು. ಅವಳ ಜೊತೆ ಆಡಿದವರೆಲ್ಲ ಟೀಯಿಂದ ಅವಳಿಗಿಂತ ಎಷ್ಟೋ ಮುಂದೆ ಹೊಡೆಯುತ್ತಿದ್ದರು. ಅವಳು ಫೇರ್‌ವೇ (ನಡುವಿನ ಸಮ ಹುಲ್ಲಿನ ದಾರಿ) ಬಿಡಲಿಲ್ಲ, ಪಟಿಂಗ್ (ಚೆಂಡನ್ನು ಗುಳಿಗೆ ಉರುಳಿಸುವುದು) ಬಿಡಲಿಲ್ಲ. ಆ ನಾಲ್ಕೂ ದಿನ ನಾನು ಬೆಳಗ್ಗೆ ಬೇಗ ಎದ್ದು ಟಿವಿ ಮುಂದೆ ಕೂತಿದ್ದೆ. ಈಗ ನೆನೆಸಿಕೊಂಡರೂ ಮೈ ಜುಮ್ಮೆನ್ನುತ್ತದೆ.

ಟೆಕ್ಸಾಸ್_ತುಮಕೂರು, ಡಲ್ಲಾಸ್

ಹಳೆಯ ಮಾಡೆಲ್ ಬಗ್ಗೆ ನಾನು ಹೇಳುತ್ತೇನೆ. ಇಲ್ಲಿ ಹೊಸ ಡ್ರೈವರ್ 600 ಡಾಲರ್ ಸುತ್ತಮುತ್ತ ಇರುತ್ತದೆ. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲಿ ಹೊಸದು ಬಿಡುತ್ತವೆ. ಆಗ ಹಿಂದಿನ ವರ್ಷದ್ದರ ಬೆಲೆ ಇಳಿಯುತ್ತದೆ. ಎರಡು ವರ್ಷ ಹಿಂದಿನದು ಸೆಕೆಂಡ್ ಹ್ಯಾಂಡ್ ಅರ್ಧಕ್ಕೆ ಸಿಗುತ್ತದೆ. ಫೇಸ್ ಎಷ್ಟು ಚಿಮ್ಮಬಹುದು ಅನ್ನುವುದಕ್ಕೂ ನಿಯಮದಲ್ಲಿ ಮಿತಿ ಇದೆ. ಹತ್ತು ವರ್ಷ ಹಿಂದಿನ ಒಳ್ಳೆಯ ಡ್ರೈವರ್‌ಗಳು ಆ ಮಿತಿಯ ಹತ್ತಿರವೇ ಇದ್ದವು. ಫೇಸ್‌ನ ನಡುವೆ ಹೊಡೆದಾಗ ಹೊಸದಕ್ಕೂ ಹಳೆಯದಕ್ಕೂ ಹೇಳುವಷ್ಟು ವ್ಯತ್ಯಾಸ ಇಲ್ಲ. ವ್ಯತ್ಯಾಸ ಬರುವುದು ಅಂಚಿಗೆ ತಗುಲಿದಾಗ. 2022, 2023ರ ಮಾಡೆಲ್‌ಗಳು ನಿಮಗೆ ಧಾರಾಳ ಸಾಕು.

ಯಾರಾದರೂ ಅಮೆರಿಕದಿಂದ ಬರುತ್ತಿದ್ದರೆ ತರಿಸುವ ಯೋಚನೆ ಬರಬಹುದು. ನನಗೂ ಊರಿನ ಗೆಳೆಯರು ಹೇಳುತ್ತಾರೆ, ತಂದುಕೊಟ್ಟಿದ್ದೇನೆ. ಆದರೆ ಹೊಡೆದು ನೋಡದೆ ತರಿಸಬೇಡಿ. ಮೊದಲು ಅಲ್ಲೇ ಟೆಸ್ಟ್ ಮಾಡಿ, ಹೆಡ್, ಲಾಫ್ಟ್, ಶಾಫ್ಟ್ ಮೂರೂ ನಿಕ್ಕಿಯಾದ ಮೇಲೆ ಹೇಳಿ.

ಸೆಕೆಂಡ್ ಹ್ಯಾಂಡ್ ನೋಡುವಾಗ ಗಮನಿಸಬೇಕಾದದ್ದು: ಹೊಸಲ್ (ಶಾಫ್ಟ್ ಹೆಡ್‌ಗೆ ಸೇರುವ ಕುತ್ತಿಗೆ) ಹತ್ತಿರ ಸೀರಿಯಲ್ ನಂಬರ್ ಇದೆಯಾ, ಹೆಡ್ ಅಲ್ಲಾಡಿಸಿದರೆ ಒಳಗೆ ಏನಾದರೂ ಲೊಟಲೊಟ ಅನ್ನುತ್ತದಾ, ಮೇಲಿನ ಕಾರ್ಬನ್ ಮೈಯಲ್ಲಿ ಕೂದಲೆಳೆಯಂಥ ಬಿರುಕು ಇದೆಯಾ. ಮೇಲ್ಭಾಗದಲ್ಲಿ ಬಣ್ಣ ಕಿತ್ತುಹೋಗಿದ್ದರೆ ಅದು ನೋಟಕ್ಕೆ ಮಾತ್ರ, ಬೆಲೆ ಇಳಿಸಲು ಅನುಕೂಲ. ತೀರಾ ಅಗ್ಗಕ್ಕೆ ಸಿಕ್ಕರೆ ನಕಲಿ ಇರಬಹುದು, ಹುಷಾರು. ಕ್ಲಬ್ ಟೂರ್ನಮೆಂಟ್ ಆಡುವವರಾದರೆ ಆ ಮಾಡೆಲ್ ಆರ್ ಆಂಡ್ ಎ (ಗಾಲ್ಫ್ ನಿಯಮ ಮಾಡುವ ಸಂಸ್ಥೆ) ಒಪ್ಪಿದ ಡ್ರೈವರ್‌ಗಳ ಪಟ್ಟಿಯಲ್ಲಿ ಇದೆಯಾ ಅಂತ ನೋಡಿ. ನಿಯಮಕ್ಕಿಂತ ಜಾಸ್ತಿ ಚಿಮ್ಮುವ ಹೆಡ್‌ಗಳೂ ಮಾರಾಟಕ್ಕೆ ಇರುತ್ತವೆ.

ಕಾರಂಜಿಕೆರೆ, ಮೈಸೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾರ್ಕರ್ ಪ್ರಯೋಗ ಮಾಡಿದೆ. ಶಾಫ್ಟ್‌ಮನೆ ಸರ್ ಹೇಳಿದ ಹಾಗೇ ಆಯಿತು. ಹೆಚ್ಚಿನ ಗುರುತುಗಳು ಹೀಲ್ ಕಡೆ, ಮಧ್ಯಕ್ಕಿಂತ ಕೆಳಗೆ ಗುಂಪಾಗಿವೆ. ಆಮೇಲೆ ಕಾಫಿ_ಹೂ ಮೇಡಂ ಹೇಳಿದಂತೆ ಒಂದು ಇಂಚು ಕೆಳಗೆ ಹಿಡಿದು ಹೊಡೆದೆ. ಗುರುತುಗಳು ನಡುವಿನ ಕಡೆ ಸರಿದವು. ಚೆಂಡು ಇನ್ನೂ ಬಲಕ್ಕೆ ಹೋಗುತ್ತದೆ, ಆದರೆ ಮೊದಲಿನಷ್ಟು ಬಾಗುತ್ತಿಲ್ಲ. ದೂರ ಕಮ್ಮಿಯಾದ ಹಾಗೆ ಕಾಣಲಿಲ್ಲ. ಹದಿನೈದು ವರ್ಷದಿಂದ ಕೈಯಲ್ಲಿರುವ ಕ್ಲಬ್, ಅದರ ಫೇಸ್‌ನಲ್ಲಿ ಎಲ್ಲಿ ಹೊಡೆಯುತ್ತಿದ್ದೇನೆ ಅಂತ ಈಗ ಕಣ್ಣಾರೆ ನೋಡಿದ್ದು ಒಂಥರಾ ರೋಮಾಂಚನ.

ಹಾಗಾದರೆ ಈಗ ಯಾವ ಹೆಡ್ ನೋಡಲಿ?

ಶಾಫ್ಟ್‌ಮನೆ, ಬೆಂಗಳೂರು

ಫೋಟೋ ನೋಡಿದೆ ಸರ್. ತುಂಬಾ ಸಂತೋಷ. ಕಾಫಿ_ಹೂ ಅವರು ಹೇಳಿದ್ದು ಸರಿ, ಕೆಳಗೆ ಹಿಡಿದು ನೋಡದೆ ಕತ್ತರಿಸಬಾರದು. ನೀವು ನೋಡಿದ್ದೀರಿ, ಫಲ ಸಿಕ್ಕಿದೆ. ಇನ್ನು ಧೈರ್ಯವಾಗಿ ಮುಂದೆ ಹೋಗಬಹುದು.

ಹೀಲ್‌ಗೆ ಹೊಡೆಯುವವರು ಡ್ರಾ ಬಯಾಸ್ (ಚೆಂಡನ್ನು ಎಡಕ್ಕೆ ಬಾಗಿಸಲು ಸಹಾಯ ಮಾಡುವ) ಹೆಡ್ ಹೊಡೆದು ನೋಡಬೇಕು. ಅದರಲ್ಲಿ ಭಾರವನ್ನು ಹೀಲ್ ಕಡೆ ಇಟ್ಟಿರುತ್ತಾರೆ. ಚೆಂಡು ಬಲಕ್ಕೆ ಹೋಗುವುದು ಕಮ್ಮಿಯಾಗುತ್ತದೆ ಅನ್ನುವುದು ಎಲ್ಲರೂ ಹೇಳುವ ಮಾತು. ನಿಮಗೆ ಇನ್ನೊಂದು ಲಾಭವೂ ಇದೆ: ಹೆಡ್‌ನ ಭಾರದ ಕೇಂದ್ರ ನೀವು ಹೊಡೆಯುವ ಜಾಗಕ್ಕೇ ಹತ್ತಿರ ಬರುತ್ತದೆ, ಹಾಗಾಗಿ ಬಾಲ್ ವೇಗವೂ ಉಳಿಯುತ್ತದೆ. ಪಿಂಗ್‌ನಲ್ಲಿ ಎಸ್‌ಎಫ್‌ಟಿ ಅಂತ ಬರುತ್ತದೆ. ಕ್ಯಾಲವೇಯಲ್ಲಿ ಮ್ಯಾಕ್ಸ್ ಡಿ, ಟೇಲರ್‌ಮೇಡ್‌ನ ಹಲವು ಮಾಡೆಲ್‌ಗಳಲ್ಲೂ ಹೆಸರಿಗೆ ಡಿ ಸೇರಿಸಿದ್ದು ಸಿಗುತ್ತದೆ. ಪಿಂಗ್ ಜಿ430 ಎಸ್‌ಎಫ್‌ಟಿ, 10.5 ಡಿಗ್ರಿ, ಮೊದಲು ಅದನ್ನು ಹೊಡೆಯಿರಿ. ಅದರ ಜೊತೆಗೆ ಒಂದು ಮಾಮೂಲಿ ಮ್ಯಾಕ್ಸ್ ಹೆಡ್ ಇಟ್ಟು ಹೋಲಿಸಿ. ಎಡಕ್ಕೆ ಜಾಸ್ತಿ ಎಳೆಯುತ್ತದೆ ಅನ್ನಿಸಿದರೆ ಮಾಮೂಲಿಯೇ ಸಾಕು.

ಹೊಸ ಹೆಡ್‌ಗಳಲ್ಲಿ ಶಾಫ್ಟ್ ಸೇರುವ ಕಡೆ ಲಾಫ್ಟ್ ಬದಲಿಸುವ ಸ್ಲೀವ್ ಇರುತ್ತದೆ. ಇದರಲ್ಲಿ ಒಂದು ಸೂಕ್ಷ್ಮ ಇದೆ, ಅಂಗಡಿಯವರೂ ಎಷ್ಟೋ ಸಲ ಹೇಳುವುದಿಲ್ಲ. ಲಾಫ್ಟ್ ಏರಿಸಿದರೆ ಫೇಸ್ ಸ್ವಲ್ಪ ಮುಚ್ಚಿಕೊಳ್ಳುತ್ತದೆ (ಎಡಕ್ಕೆ ತಿರುಗುತ್ತದೆ), ಇಳಿಸಿದರೆ ತೆರೆದುಕೊಳ್ಳುತ್ತದೆ (ಬಲಕ್ಕೆ ತಿರುಗುತ್ತದೆ). ನಿಮ್ಮ ಚೆಂಡು ಬಲಕ್ಕೆ ಹೋಗುವುದರಿಂದ 10.5ರ ಹೆಡ್ ತಗೊಂಡು ಒಂದು ಡಿಗ್ರಿ ಏರಿಸುವುದು ಒಳ್ಳೆಯದು. 12ರ ಹೆಡ್ ತಗೊಂಡು ಇಳಿಸಿದರೆ ಫೇಸ್ ತೆರೆದು ಕಷ್ಟ ಹೆಚ್ಚುತ್ತದೆ.

ಉದ್ದ 45ಕ್ಕೆ ಇಳಿಸೋಣ. ಗ್ರಿಪ್ ತುದಿಯಲ್ಲಿ ಕತ್ತರಿಸಬೇಕು, ಹೆಡ್ ತುದಿಯಲ್ಲಿ ಅಲ್ಲ. ಅರ್ಧ ಇಂಚು ತೆಗೆದರೆ ಸ್ವಿಂಗ್ ವೇಟ್ ಸುಮಾರು 3 ಪಾಯಿಂಟ್ ಇಳಿಯುತ್ತದೆ, ಅಂದರೆ ಕೈಗೆ ಹೆಡ್ ಹಗುರ ಅನ್ನಿಸುತ್ತದೆ. ಹೆಡ್‌ಗೆ 2 ಗ್ರಾಂ ಸೇರಿಸಿದರೆ ಒಂದು ಪಾಯಿಂಟ್ ವಾಪಸ್ ಬರುತ್ತದೆ. ಮೊದಲು ಸೀಸದ ಟೇಪ್ ಅಂಟಿಸಿ ನೋಡುವುದು. ಸರಿ ಕಂಡರೆ ಭಾರದ ಸ್ಕ್ರೂ ಹಾಕಿದರಾಯಿತು. ಗ್ರಿಪ್ ಹೇಗೂ ಹೊಸದು ಹಾಕಬೇಕಲ್ಲ, ಅದರ ಖರ್ಚು ಬಜೆಟ್‌ನಲ್ಲಿ ಇಟ್ಟುಕೊಳ್ಳಿ.

ಕೆಳಗೆ ತಗುಲುವುದಕ್ಕೆ ಟೀ ಎತ್ತರವೂ ಕಾರಣ ಇರಬಹುದು. ಕ್ಲಬ್ ನೆಲಕ್ಕಿಟ್ಟಾಗ ಹೆಡ್‌ನ ಮೇಲಂಚಿಗಿಂತ ಅರ್ಧ ಚೆಂಡು ಮೇಲೆ ಕಾಣಬೇಕು. ಚೆಂಡು ಎಡ ಹಿಮ್ಮಡಿಯ ನೇರಕ್ಕೆ ಇರಲಿ.

ಹೊಸ_ಗಾಲ್ಫರ್, ಹುಬ್ಬಳ್ಳಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬೆಂಗಳೂರು ಎತ್ತರದಲ್ಲಿ ಇರುವುದರಿಂದ ಚೆಂಡು ಜಾಸ್ತಿ ಹೋಗುತ್ತದೆ ಅಂತಾರಲ್ವಾ? ಹಾಗಾದರೆ ಅಲ್ಲಿನ ಸಿಮ್ಯುಲೇಟರ್ ಅಂಕಿಯನ್ನು ಮೈಸೂರಿಗೆ ನಂಬಬಹುದಾ?

ಶಾಫ್ಟ್‌ಮನೆ, ಬೆಂಗಳೂರು

ಒಳ್ಳೆಯ ಪ್ರಶ್ನೆ ತಮ್ಮಾ. ಸಾವಿರ ಅಡಿ ಎತ್ತರಕ್ಕೆ ಶೇಕಡಾ ಒಂದಕ್ಕಿಂತ ಸ್ವಲ್ಪ ಜಾಸ್ತಿ ದೂರ ಸಿಗುತ್ತದೆ. ಬೆಂಗಳೂರು ಸುಮಾರು 3,000 ಅಡಿ, ಮೈಸೂರು 2,500. ಎರಡೂ ಊರಿನ ನಡುವೆ 200 ಯಾರ್ಡ್‌ಗೆ ಒಂದೆರಡು ಯಾರ್ಡ್ ವ್ಯತ್ಯಾಸ, ಅಷ್ಟೇ. ಮಂಗಳೂರಿಗೆ ಇಳಿದರೆ 6-7 ಯಾರ್ಡ್ ಕಮ್ಮಿಯಾಗುವುದು ಕಾಣುತ್ತದೆ. ಸಿಮ್ಯುಲೇಟರ್‌ನಲ್ಲಿ ಎತ್ತರದ ಸೆಟ್ಟಿಂಗ್ ಇರುತ್ತದೆ. ಸಮುದ್ರಮಟ್ಟಕ್ಕೆ ಇಟ್ಟಿದ್ದಾರೋ ಊರಿಗೆ ತಕ್ಕಂತೆ ಇಟ್ಟಿದ್ದಾರೋ ಕೇಳಬೇಕು. ಎರಡು ಡ್ರೈವರ್ ಹೋಲಿಸುವಾಗ ಎರಡಕ್ಕೂ ಒಂದೇ ಸೆಟ್ಟಿಂಗ್, ಒಂದೇ ಚೆಂಡು ಇರಬೇಕು. ಸವೆದ ರೇಂಜ್ ಬಾಲ್ ಕೊಟ್ಟರೆ ವೇಗವೂ ಸ್ಪಿನ್ನೂ ಸರಿ ಬರುವುದಿಲ್ಲ.

ಕಾರಂಜಿಕೆರೆ, ಮೈಸೂರು

ಶನಿವಾರ ಬೆಂಗಳೂರಿಗೆ ಬರುತ್ತಿದ್ದೇನೆ. ಜಿ430 ಎಸ್‌ಎಫ್‌ಟಿ ಒಂದು, ಮಾಮೂಲಿ ಮ್ಯಾಕ್ಸ್ ಒಂದು, ಎರಡೂ 10.5, ರೆಗ್ಯುಲರ್ ಶಾಫ್ಟ್. ಹತ್ತು ಹತ್ತು ಹೊಡೆಯುತ್ತೇನೆ. ಸರಿ ಕಂಡರೆ ಸೆಕೆಂಡ್ ಹ್ಯಾಂಡ್ ಹುಡುಕುತ್ತೇನೆ. ಜೊತೆಗೆ ಏನೇನು ತರಲಿ ಸರ್?

ಶಾಫ್ಟ್‌ಮನೆ, ಬೆಂಗಳೂರು

ಹಳೆಯ ಡ್ರೈವರ್ ತನ್ನಿ, ಮೊದಲು ಅದರಲ್ಲಿ ಹೊಡೆದ ಮೇಲೇ ಹೊಸದು ಮುಟ್ಟಿ. ನೀವು ಕೋರ್ಸ್‌ನಲ್ಲಿ ಆಡುವ ಚೆಂಡು ಮೂರು, ಗಾಲ್ಫ್ ಶೂ, ಆ ಮಾರ್ಕರ್. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಮೈಸೂರಿನಿಂದ ಡ್ರೈವ್ ಮಾಡಿಕೊಂಡು ಬಂದ ಕೂಡಲೇ ಹೊಡೆಯಬೇಡಿ, ಸೊಂಟ ಹಿಡಿದುಕೊಂಡಿರುತ್ತದೆ. ಒಂದು ಕಾಫಿ ಕುಡಿದು, 7 ಐರನ್‌ನಲ್ಲಿ ಮೈ ಬಿಸಿ ಮಾಡಿಕೊಂಡು ಶುರು ಮಾಡಿ. ಮೂವತ್ತು ಹೊಡೆತಕ್ಕಿಂತ ಜಾಸ್ತಿ ಬೇಡ, ಸುಸ್ತಾದ ಮೇಲೆ ಬರುವ ಅಂಕಿ ಕೆಲಸಕ್ಕೆ ಬರುವುದಿಲ್ಲ. ಎರಡರ ಪೂರ್ತಿ ಅಂಕಿಗಳನ್ನೂ ಇಲ್ಲಿ ಹಾಕಿ, ಕೆಟ್ಟ ಹೊಡೆತಗಳನ್ನು ತೆಗೆಯದೆ.